ಮೂರು ಜೋಡಿ ನಡೆಯಬೇಕಾದ ಸೇತುವೆ

ನಗರಸಭೆಯ ಪತ್ರ ಬಂದಾಗ ನನ್ನ ಹೆಂಡತಿ ಮನೆ ಬಿಟ್ಟು ಎರಡು ತಿಂಗಳಾಗಿತ್ತು. ಅಜ್ಜ ಆ ಪತ್ರವನ್ನು ಅಂಗಡಿಯಲ್ಲಿ ನಿಂತೇ ಓದಿದ. ಕೈಗೆ ಕಡುಬಿಗೆಂದು ರುಬ್ಬಿದ ಮೀನಿನ ಹಿಟ್ಟು ಅಂಟಿತ್ತು. ಒರೆಸಿಕೊಳ್ಳುವಷ್ಟು ತಾಳ್ಮೆ ಇರಲಿಲ್ಲ. ಓದಿ ಮುಗಿಸಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಮೊದಲಿನಿಂದ ಓದಿದ. ಅಕ್ಟೋಬರ್ ಹದಿನೆಂಟರಂದು ಚಿದೊರಿ ಸೇತುವೆ ಮತ್ತೆ ತೆರೆಯುತ್ತದೆ, ಅದನ್ನು ಮೊದಲು ದಾಟಲು ನಮ್ಮ ಕಾನಾಮೊರಿ ಕುಟುಂಬವನ್ನು ಆರಿಸಲಾಗಿದೆ ಎಂದು ಅದರಲ್ಲಿ ಬರೆದಿತ್ತು.

ನಮ್ಮಲ್ಲಿ ಸೇತುವೆಯನ್ನು ಮೊದಲು ದಾಟುವುದು ಮಂತ್ರಿಯಲ್ಲ, ಮೇಯರ್ ಅಲ್ಲ. ಒಂದೇ ಮನೆಯ ಮೂರು ತಲೆಮಾರಿನ ಮೂರು ಜೋಡಿ ದಾಟಬೇಕು: ಅಜ್ಜ ಅಜ್ಜಿ, ಅಪ್ಪ ಅಮ್ಮ, ಮಗ ಸೊಸೆ. ಆರು ಜನರೂ ಬದುಕಿರಬೇಕು, ಯಾವ ಜೋಡಿಯೂ ಒಡೆದಿರಬಾರದು. ಆ ಮನೆ ನಿಂತ ಹಾಗೆ ಸೇತುವೆಯೂ ನಿಲ್ಲಲಿ ಎಂದು. ಶೋವಾ ಚಕ್ರವರ್ತಿಯ ಆರನೆಯ ವರ್ಷ, 1931ರಲ್ಲಿ, ಚಿದೊರಿಯನ್ನು ಕಟ್ಟಿ ಮುಗಿಸಿದಾಗ ದಾಟಿದ್ದು ಒಬ್ಬ ಮದ್ಯ ತಯಾರಕನ ಮನೆಯವರು. ಆಗ ನಾಲ್ಕು ವರ್ಷದವನಾಗಿದ್ದ ಅಜ್ಜ ಅದನ್ನು ತನ್ನಪ್ಪನ ಹೆಗಲ ಮೇಲಿಂದ ನೋಡಿದ್ದನಂತೆ. ಕೊನೆಯ ಜೋಡಿಯ ಹೆಣ್ಣು ನಡುಸೇತುವೆಯಲ್ಲಿ ಕಾಲುಚೀಲ ಸರಿಮಾಡಿಕೊಂಡಳು ಎಂಬುದು ಕೂಡ ಅವನಿಗೆ ನೆನಪಿದೆ.

ಆ ಸೇತುವೆ ಇಲ್ಲದೆ ನಮ್ಮ ಊರು ಊರೇ ಅಲ್ಲ. ಪೂರ್ವದ ದಡದಲ್ಲಿ ನಾವಿದ್ದೇವೆ: ತೋಫು ಮಾಡುವವರು, ಚಾಪೆ ಹೆಣೆಯುವವರು, ಛತ್ರಿಯವರು, ಕ್ಷೌರದವರು, ಹಬೆಯಲ್ಲಿ ಬೇಯಿಸಿದ ಮೀನಿನ ಕಡುಬು ಮಾರುವ ನಾವು. ಪಶ್ಚಿಮದಲ್ಲಿ ರೈಲು ನಿಲ್ದಾಣ, ಹೆರಿಗೆ ಆಸ್ಪತ್ರೆ, ಕಚೇರಿಗಳು, ಹೆಣ ಸುಡುವ ಜಾಗ. ಹುಟ್ಟುವುದಕ್ಕೂ ಸಾಯುವುದಕ್ಕೂ ಆಚೆ ಹೋಗಬೇಕು, ನಡುವೆ ಬದುಕುವುದಕ್ಕೆ ಈಚೆ ಬಂದರಾಯಿತು ಎಂದು ನಮ್ಮ ಕಡೆ ತಮಾಷೆ ಮಾಡುತ್ತಾರೆ. ಯುದ್ಧದ ಕಾಲದಲ್ಲಿ ಅದರ ಕಂಚಿನ ಕಟಾಂಜನವನ್ನು ಕಿತ್ತು ಫಿರಂಗಿಗೆ ಕರಗಿಸಿದರು. ಆರು ವರ್ಷ ಜನ ಹಗ್ಗ ಹಿಡಿದು ದಾಟಿದರು. ದೊಡ್ಡ ನೆರೆ ಬಂದಾಗ ಕಮಾನುಗಳಿಗೆ ಸಿಕ್ಕಿಕೊಂಡ ದಿಮ್ಮಿಗಳನ್ನು ಎರಡೂ ದಡದ ಗಂಡಸರು ಬಿದಿರಿನ ಗಳದಿಂದ ಮೂರು ಹಗಲು ತಳ್ಳಿದರು. ಅಜ್ಜನ ಎಡಗೈಯ ಕಿರುಬೆರಳು ಅಲ್ಲಿಯೇ ಹೋದದ್ದು. ಈಗ ಭೂಕಂಪಕ್ಕೆ ತಡೆಯುವಂತೆ ಗಟ್ಟಿ ಮಾಡುತ್ತೇವೆಂದು ಅದನ್ನು ಎರಡು ವರ್ಷ ಮುಚ್ಚಿದ್ದರು. ಪಕ್ಕದಲ್ಲಿ ಜನ ನಡೆಯುವುದಕ್ಕೆಂದು ತಗಡಿನ ಒಂದು ತಾತ್ಕಾಲಿಕ ಸೇತುವೆ. ಗಾಳಿಗೆ ಅದು ಕಿರುಗುಟ್ಟುತ್ತಿತ್ತು. ವಾಹನ ಬಾರದೆ ನಮ್ಮ ಬೀದಿಯ ವ್ಯಾಪಾರ ಅರ್ಧಕ್ಕೆ ಇಳಿದಿತ್ತು. ಹಾಗಾಗಿ ಅಕ್ಟೋಬರ್ ಹದಿನೆಂಟನ್ನು ಇಡೀ ಬೀದಿ ಎಣಿಸುತ್ತಿತ್ತು, ಮತ್ತು ಆರಿಸಿದ್ದು ನಮ್ಮ ದಡದ ಮನೆಯನ್ನು ಎಂಬುದು ಹಬ್ಬದಂಥ ಸುದ್ದಿಯಾಗಿತ್ತು.

ನನ್ನ ಹೆಂಡತಿ ಚಿನಾತ್ಸು ನನ್ನನ್ನು ಬಿಟ್ಟು ಹೋದದ್ದು ಅಜ್ಜ ಅಜ್ಜಿಗೆ ಗೊತ್ತಿರಲಿಲ್ಲ. ಅವಳ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ನೋಡಿಕೊಳ್ಳಲು ಹೋಗಿದ್ದಾಳೆ ಎಂದು ಹೇಳಿದ್ದೆ. ಅಪ್ಪ ಅಮ್ಮನಿಗೆ ಗೊತ್ತಿತ್ತು. ಅಪ್ಪ ಏನೂ ಹೇಳಲಿಲ್ಲ. ಏನೂ ಹೇಳದಿರುವುದು ನಮ್ಮ ಮನೆಯ ಗಂಡಸರಿಗೆ ಸುಲಭವಾಗಿ ಬರುತ್ತದೆ. ಅಮ್ಮ ಮಾತ್ರ, ಸೇತುವೆ ಒಂದು ದಾಟಿಬಿಡಲಿ, ಆಮೇಲೆ ನಿಧಾನವಾಗಿ ಹೇಳೋಣ ಎಂದಳು.

ನನಗೂ ಚಿನಾತ್ಸುವಿಗೂ ಜಗಳವೇನೂ ಆಗಿರಲಿಲ್ಲ. ಅವಳು ಏನಾದರೂ ಕೇಳಿದರೆ ನಾನು ಉತ್ತರವನ್ನು ನಾಳೆಗೆ ಹಾಕುತ್ತಿದ್ದೆ. ಆರು ವರ್ಷ ಹಾಗೆ ನಡೆಯಿತು. ನವೆಂಬರಿನ ಒಂದು ಬೆಳಿಗ್ಗೆ ಅವಳು ವಿಚ್ಛೇದನದ ಅರ್ಜಿಯನ್ನು ಮೇಜಿನ ಮೇಲೆ ಇಟ್ಟು ಹೋದಳು. ತನ್ನ ಭಾಗವನ್ನು ತುಂಬಿ, ನಮ್ಮಲ್ಲಿ ಪ್ರತಿಯೊಬ್ಬರಿಗೂ ಇರುವ ಹೆಸರಿನ ಮುದ್ರೆಯನ್ನು ಒತ್ತಿದ್ದಳು. ಸಾಕ್ಷಿಗಳ ಎರಡು ಜಾಗದಲ್ಲಿ ಒಂದಕ್ಕೆ ಅವಳ ಅಕ್ಕ ರುಜು ಹಾಕಿದ್ದಳು. ನನ್ನ ಕಡೆಯಿಂದ ಒಬ್ಬ ಸಾಕ್ಷಿಯನ್ನು ಹುಡುಕಿ, ನನ್ನ ಮುದ್ರೆ ಒತ್ತಿ, ಆಚೆ ದಡದ ಕಚೇರಿಗೆ ಕೊಟ್ಟರೆ ಮುಗಿಯಿತು. ಕೋರ್ಟು ಕಚೇರಿ ಏನೂ ಬೇಕಿಲ್ಲ. ನಾನು ಅದನ್ನು ಡ್ರಾಯರಿನಲ್ಲಿ ಇಟ್ಟೆ.

ನಗರಸಭೆಯ ಪತ್ರ ಬಂದು ಹತ್ತು ದಿನಕ್ಕೆ, ಜನವರಿ ಹದಿನೈದಕ್ಕೆ, ಅವಳು ಫೋನು ಮಾಡಿದಳು. ಸಮುದ್ರದ ಕಡೆಯ ಒಂದು ಬಿಸಿನೀರಿನ ಬುಗ್ಗೆಯ ವಸತಿಗೃಹದಲ್ಲಿ ಕೆಲಸಕ್ಕೆ ಸೇರಿದ್ದಾಳೆಂದು ಹೇಳಿದಳು. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಕೊಟ್ಯಾ?" ಎಂದಳು.

"ಹೂಂ. ಕೊಟ್ಟಾಯ್ತು."

"ಥ್ಯಾಂಕ್ಸ್, ಶೂಹೇ," ಎಂದಳು. ಯಾಕೋ ಗೊತ್ತಿಲ್ಲ, ಆ ಥ್ಯಾಂಕ್ಸನ್ನು ನಾನು ತೆಗೆದುಕೊಂಡೆ. ಪರವಾಗಿಲ್ಲ ಎಂದು ಕೂಡ ಹೇಳಿದೆ.

ಮಾರ್ಚಿನಲ್ಲಿ ನಗರಸಭೆಯಿಂದ ಕುವಾಬಾರಾ ಎಂಬ ಹೆಂಗಸು ಬಂದರು. ಕುಟುಂಬ ದಾಖಲೆಯ ಹೊಸ ಪ್ರತಿ ಬೇಕಿತ್ತು, ಮನೆಯ ಚಿಹ್ನೆ ಇರುವ ಕಿಮೊನೊಗಳಿಗೆ ಅಳತೆ ಬೇಕಿತ್ತು. ದಾಖಲೆಯಲ್ಲಿ ಮೂರು ಜೋಡಿ ಹೆಸರುಗಳು ಒಂದರ ಕೆಳಗೊಂದು, ಒಂದೂ ಗೀಟಿಲ್ಲದೆ ಇದ್ದವು. ಇಷ್ಟು ಶುದ್ಧವಾದ ದಾಖಲೆ ಈ ಕಾಲದಲ್ಲಿ ಸಿಗುವುದಿಲ್ಲ, ಅರ್ಜಿ ಹಾಕಿದ ಹದಿನಾಲ್ಕು ಮನೆಗಳಲ್ಲಿ ಹನ್ನೊಂದು ಇಲ್ಲಿಯೇ ಬಿದ್ದುಹೋದವು ಎಂದು ಆಕೆ ಮೆಚ್ಚಿಕೊಂಡರು. ನಾನು ಚಹಾ ಬಗ್ಗಿಸುತ್ತಿದ್ದೆ. ಬಟ್ಟಲು ತುಂಬಿ ತಟ್ಟೆಗೆ ಹರಿಯಿತು.

ನೂರ ನಲವತ್ತು ಮೀಟರ್ ನಡೆಯಬೇಕಾಗುತ್ತದೆ, ಹಿರಿಯರಿಗೆ ಆಗುತ್ತದೆಯೇ ಎಂದು ಆಕೆ ಕೇಳಿದಾಗ ಅಜ್ಜ, "ನಾನು ನಡೀತೀನಮ್ಮ. ನೀವು ಸೇತುವೆ ನಿಲ್ಲುತ್ತಾ ನೋಡ್ಕೊಳ್ಳಿ," ಎಂದ. ಎಲ್ಲರೂ ನಕ್ಕರು. ಚಿನಾತ್ಸುವಿನ ಅಳತೆಯನ್ನು ಅಜ್ಜಿ ತಾನೇ ನೆನಪಿನಿಂದ ಹೇಳಿದಳು, ಭುಜದಿಂದ ಮಣಿಕಟ್ಟಿನವರೆಗೆ ಎಷ್ಟು ಎಂಬುದನ್ನು ಕೂಡ.

ಅಜ್ಜಿ ಪ್ರತಿ ತಿಂಗಳೂ ಬೀಗಿತ್ತಿಗೆಂದು ಒಂದು ಡಬ್ಬಿ ಕಟ್ಟಿಕೊಡುತ್ತಿದ್ದಳು. ಮೂಲಂಗಿಯ ಉಪ್ಪಿನಕಾಯಿ, ಒಣಗಿಸಿದ ಪರ್ಸಿಮನ್ ಹಣ್ಣು. ಮುರಿದ ಮೂಳೆಗೆ ಒಳ್ಳೆಯದೆಂದು ಸಣ್ಣ ಮೀನು. ಅಂಚೆಗೆ ಹಾಕಿ ಬರುತ್ತೇನೆಂದು ನಾನು ತಗಡಿನ ಸೇತುವೆ ದಾಟುತ್ತಿದ್ದೆ. ನಿಲ್ದಾಣದ ಬೆಂಚಿನ ಮೇಲೆ ಕುಳಿತು ತಿನ್ನುತ್ತಿದ್ದೆ. ಎಸೆಯಲು ಮನಸ್ಸಾಗುತ್ತಿರಲಿಲ್ಲ. ಮನೆಗೆ ಬಂದು, ಅವರು ಖುಷಿಪಟ್ಟರಂತೆ ಅಜ್ಜಿ ಎನ್ನುತ್ತಿದ್ದೆ. ಉಪ್ಪು ಹೆಚ್ಚಾಗಿತ್ತೇನೋ ಎಂದು ಅವಳು ಕೇಳಿದರೆ, ಇಲ್ಲ, ಸರಿಯಾಗಿತ್ತಂತೆ. ಅದು ಮಾತ್ರ ನಿಜವಾಗಿತ್ತು.

ಜುಲೈ ಇಪ್ಪತ್ತೆರಡು, ಬುಧವಾರ. ಅಪ್ಪ ಅಮ್ಮ ಪಕ್ಕದ ಊರಿಗೆ ಮೀನು ವ್ಯಾಪಾರಿಗಳ ಸಭೆಗೆ ಹೋಗಿದ್ದರು. ಮೂರೂವರೆಗೆ ಅಂಗಡಿಯ ಪರದೆ ಸರಿಸಿ ಚಿನಾತ್ಸು ಒಳಗೆ ಬಂದಳು.

ನನ್ನ ಸುಳ್ಳು ಅವಳಿಗೆ ಗೊತ್ತಾಗಿದೆ ಎಂದು ಅವಳ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಆದರೆ ಅವಳು ಬಾಯಿ ತೆರೆಯುವ ಮೊದಲೇ ಅಜ್ಜಿ ಒಳಗಿನಿಂದ ಬಂದುಬಿಟ್ಟಳು. "ಬಾಮ್ಮ, ಬಾ. ಅಮ್ಮನ ಸೊಂಟ ಹೇಗಿದೆ ಈಗ?" ಎಂದಳು. ಚಿನಾತ್ಸು ನನ್ನ ಕಡೆ ನೋಡಿದಳು. ಸೊಂಟ, ಎಂದು ನಿಧಾನವಾಗಿ ಹೇಳಿಕೊಂಡಳು. ಎಂಟು ತಿಂಗಳು ನಾನು ಈ ಮನೆಯಲ್ಲಿ ಏನು ಮಾಡಿದ್ದೆ ಎಂಬುದು ಆ ಒಂದು ಪದದಿಂದಲೇ ಅವಳಿಗೆ ಅರ್ಥವಾದದ್ದನ್ನು ನಾನು ಕಂಡೆ.

ಅಷ್ಟರಲ್ಲಿ ಅಜ್ಜಿಯ ಕಣ್ಣು ಅವಳ ಹೊಟ್ಟೆಯ ಮೇಲೆ ಹೋಗಿತ್ತು. ಬೇಸಿಗೆಯ ತೆಳು ಅಂಗಿ. ಐದು ಹೆತ್ತು ಎರಡನ್ನು ಉಳಿಸಿಕೊಂಡ ಹೆಂಗಸಿಗೆ ನಾಲ್ಕು ತಿಂಗಳು ಕಾಣದೆ ಇರುತ್ತದೆಯೇ. ಏನೂ ಕೇಳದೆ ದಿಂಬು ತಂದು ಅವಳ ಬೆನ್ನಿಗೆ ಕೊಟ್ಟಳು, ನಂತರ ಅಜ್ಜನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು.

ಅಜ್ಜ ಹಿಟ್ಟು ರುಬ್ಬುವ ಯಂತ್ರವನ್ನು ನಿಲ್ಲಿಸಿದ. ನಾನು ಹುಟ್ಟಿದಾಗಿನಿಂದ ಅವನು ಅದನ್ನು ಹಿಟ್ಟಿನ ನಡುವೆ ನಿಲ್ಲಿಸಿದ್ದನ್ನು ನೋಡಿರಲಿಲ್ಲ. ನಿಲ್ಲಿಸಿದರೆ ಹದ ಕೆಡುತ್ತದೆ.

"ಹಾಗಾದ್ರೆ ಅಕ್ಟೋಬರ್‌ಗೆ ಆರು ಜನ ಅಲ್ಲ, ಏಳು ಜನ ದಾಟ್ತೀವಿ," ಎಂದ. ಆಮೇಲೆ ಚಿನಾತ್ಸುವಿನ ಕಡೆ ತಿರುಗಿ, "ನೀನು ನಿಧಾನಕ್ಕೆ ನಡಿಯಮ್ಮ. ನಾನು ಮುಂದೆ ಇರ್ತೀನಲ್ಲ, ನಾನೂ ನಿಧಾನಾನೇ," ಎಂದ.

ಚಿನಾತ್ಸು ನನ್ನನ್ನು ನೋಡುತ್ತಿದ್ದಳು. ಕೋಪದಿಂದಲ್ಲ. ಹೇಳುವುದಕ್ಕೆ ಜಾಗ ಬಿಟ್ಟುಕೊಟ್ಟು ನೋಡುತ್ತಿದ್ದಳು, ಆರು ವರ್ಷ ಊಟದ ಮೇಜಿನಾಚೆಯಿಂದ ನೋಡುತ್ತಿದ್ದ ಹಾಗೆಯೇ. ಯಂತ್ರ ನಿಂತಿದ್ದರಿಂದ ಅಂಗಡಿಯಲ್ಲಿ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಒಂದು ವಾಕ್ಯ ಸಾಕಿತ್ತು.

"ಚಹಾ ಆರುತ್ತೆ," ಎಂದೆ ನಾನು.

ಅವಳು ಚಹಾವನ್ನು ಪೂರ್ತಿ ಕುಡಿದು, ಬಟ್ಟಲನ್ನು ಎರಡೂ ಕೈಯಿಂದ ಕೆಳಗಿಟ್ಟು, ಅಜ್ಜಿಗೆ ನೆಲಕ್ಕೆ ಹಣೆ ತಾಗುವಷ್ಟು ಬಾಗಿ ನಮಸ್ಕರಿಸಿ ಎದ್ದಳು. ಡ್ರಾಯರಿನಿಂದ ಅರ್ಜಿಯನ್ನೂ ನನ್ನ ಮುದ್ರೆಯನ್ನೂ ಜೇಬಿಗೆ ಹಾಕಿಕೊಂಡು ನಾನು ಅವಳ ಹಿಂದೆ ಹೋದೆ.

ತಗಡಿನ ಸೇತುವೆಯ ನಡುವೆ ಅವಳು ನಿಂತಳು. ಪಕ್ಕದಲ್ಲಿ ಚಿದೊರಿ, ನೀಲಿ ಬಲೆ ಹೊದ್ದು, ಕಮಾನುಗಳಿಗೆ ಕಬ್ಬಿಣದ ಕಟ್ಟು ಕಟ್ಟಿಸಿಕೊಂಡು ಮಲಗಿತ್ತು. ಅಲ್ಲಿ ಅವಳು ಎಲ್ಲವನ್ನೂ ಹೇಳಿದಳು, ದನಿ ಏರಿಸದೆ. ವಸತಿಗೃಹದ ಅಡುಗೆಯವನನ್ನು ಮದುವೆಯಾಗಬೇಕೆಂದಿದ್ದಳು. ವಿಚ್ಛೇದನವಾದ ಹೆಂಗಸು ಮರುಮದುವೆಗೆ ಆರು ತಿಂಗಳು ಕಾಯಬೇಕೆಂಬುದು ಆಗಿನ ಕಾನೂನು. ಜನವರಿ ಹದಿನೈದರಿಂದ ಎಣಿಸಿಕೊಂಡು ಕಾದಿದ್ದಳು. ಅಲ್ಲಿ ಅವಳ ದಾಖಲೆಯನ್ನು ಯಾರೂ ಕೇಳಿರಲಿಲ್ಲ, ಮರುಮದುವೆಯಾದರೆ ಹೇಗೂ ಮನೆತನದ ಹೆಸರು ಇನ್ನೊಮ್ಮೆ ಬದಲಾಗಬೇಕಲ್ಲ ಎಂದು ಅವಳೂ ನೋಡಿರಲಿಲ್ಲ. ಮೊನ್ನೆ ಇಬ್ಬರೂ ಹೊಸ ಬಟ್ಟೆ ಹಾಕಿಕೊಂಡು ಅಲ್ಲಿನ ಕಚೇರಿಗೆ ಹೋದಾಗ ಗುಮಾಸ್ತ ದಾಖಲೆಯನ್ನು ತಿರುಗಿಸಿ ತೋರಿಸಿ, ತಮಗೆ ಗಂಡ ಇದ್ದಾರಲ್ಲ ಎಂದನಂತೆ. ಹಿಂದೆ ಸಾಲಿನಲ್ಲಿ ಏಳೆಂಟು ಜನ ಇದ್ದರಂತೆ.

"ಮಗು ಡಿಸೆಂಬರ್‌ಗೆ," ಎಂದಳು. "ಡೈವೋರ್ಸ್ ಆಗಿ ಮುನ್ನೂರು ದಿನದೊಳಗೆ ಹುಟ್ಟಿದ್ರೆ ಕಾನೂನಿಗೆ ಅದು ಹಳೇ ಗಂಡನ ಮಗು. ನೀನು ಜನವರಿಲಿ ಕೊಟ್ಟಿದ್ರೆ ನವೆಂಬರ್‌ಗೇ ಮುನ್ನೂರು ಮುಗೀತಿತ್ತು. ಈಗ ಇವತ್ತೇ ಕೊಟ್ರೂ ಅದು ನಿನ್ನ ಹೆಸರಿಗೇ ಬೀಳೋದು. ಯಾಕೆ ಹೀಗೆ ಮಾಡ್ದೆ?"

ನಾನು ಚಿದೊರಿಯ ಕಡೆ ಕೈ ತೋರಿಸಿದೆ. ಅಜ್ಜ ಕಾದಿರುವುದನ್ನು, ಮೂರು ಜೋಡಿ ಎಂಬುದನ್ನು, ಇನ್ನು ಮೂರೇ ತಿಂಗಳಿರುವುದನ್ನು ತಡವರಿಸುತ್ತ ಹೇಳಿದೆ. ಆಮೇಲೆ ಆ ಮಾತನ್ನು ಆಡಿದೆ. ಅದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಕೇಳಿದವಳು ಅವಳೊಬ್ಬಳೇ, ಅವಳು ಯಾರಿಗೂ ಹೇಳಲಿಲ್ಲ.

"ಮಗೂ ವಿಷಯ ಹೇಗೂ ಆಗಿಹೋಯ್ತಲ್ಲ," ಎಂದೆ. "ಹಾಗಿರೋವಾಗ ಅಕ್ಟೋಬರ್‌ವರೆಗೂ ಕಾದ್ರೆ ಏನು ವ್ಯತ್ಯಾಸ?"

ಅವಳು ಗಡಿಯಾರ ನೋಡಿಕೊಂಡಳು. "ಕಚೇರಿ ಐದೂಕಾಲಿಗೆ ಮುಚ್ಚುತ್ತೆ," ಎಂದಳು. "ಕಾಗದ ತೋರ್ಸು."

ಕೊಟ್ಟೆ. ಎರಡನೆಯ ಸಾಕ್ಷಿಯ ಜಾಗ ಖಾಲಿ ಇರುವುದನ್ನು ನೋಡಿ ಅವಳು ಕಣ್ಣು ಮುಚ್ಚಿಕೊಂಡಳು. ಎಂಟು ತಿಂಗಳಲ್ಲಿ ನಾನು ಒಬ್ಬ ಮನುಷ್ಯನನ್ನು ಕೂಡ ಕೇಳಿರಲಿಲ್ಲ. ಯಾರಾದರೂ ಆಗುತ್ತದೆ, ವಯಸ್ಕರಾದರೆ ಸಾಕು, ಹೋಗಿ ಕೇಳು ಎಂದಳು. ಸೇತುವೆಯ ಆ ತುದಿಯಲ್ಲಿ ಕಾವಲುಗಾರ ಒಗಿನೊ ಕೆಂಪು ಬಾವುಟ ಹಿಡಿದು ನಿಂತಿದ್ದ. ಎರಡು ವರ್ಷದಿಂದ ಅಲ್ಲಿ ನಿಂತು, ಹೋಗಿಬರುವವರಿಗೆಲ್ಲ ಎಚ್ಚರ, ತಗಡು ಜಾರುತ್ತೆ ಎನ್ನುವವನು. ನಿಜ ಹೇಳುತ್ತೇನೆ, ನನಗೆ ಹಗುರವೆನಿಸಿತು. ಅವನ ಹತ್ತಿರ ರುಜು ಹಾಕಿಸಿಕೊಂಡರೆ ಮನೆಯಲ್ಲಿ ಯಾರಿಗೂ ಇವತ್ತು ಹೇಳಬೇಕಿರಲಿಲ್ಲ.

ಒಗಿನೊ ಕಾಗದವನ್ನು ಓದಿದ. ಹೆಸರಿನ ಮೇಲೆ ಬೆರಳಿಟ್ಟ. ಅವನ ಬೆನ್ನ ಹಿಂದಿನ ಫಲಕದಲ್ಲಿ ಸೇತುವೆ ತೆರೆಯುವ ದಿನದ ಪ್ರಕಟಣೆ ಅಂಟಿಸಿತ್ತು. ಅದರಲ್ಲಿಯೂ ಅದೇ ಹೆಸರಿತ್ತು.

"ಕಡುಬಿನಂಗಡಿ ಕಾನಾಮೊರಿಯವರು ನೀವೇ ಅಲ್ವಾ?" ಎಂದ. ನಾನು ತಲೆಯಾಡಿಸಿದೆ. ಅವನು ಕಾಗದವನ್ನು ಮಡಿಸದೆ ಹಾಗೆಯೇ ವಾಪಸು ಕೊಟ್ಟ. "ತಪ್ಪು ತಿಳೀಬೇಡಿ. ಎರಡು ವರ್ಷ ಈ ಸೇತುವೆ ಕಾದಿದ್ದೀನಿ. ಇದರ ಮಗ್ಗುಲಲ್ಲೇ ನಿಂತು ಈ ಕಾಗದಕ್ಕೆ ಕೈ ಹಾಕು ಅಂದ್ರೆ, ನನ್ನ ಕೈಯಲ್ಲಾಗಲ್ಲ."

ಆಗಲೇ ಅಜ್ಜ ಬಂದದ್ದು. ಕೈಯಲ್ಲಿ ಬಿದಿರಿನ ಎಲೆಯ ಪೊಟ್ಟಣ. ಬಸುರಿ ಹೆಂಗಸು ಬರಿಗೈಯಲ್ಲಿ ಹೋದಳಲ್ಲ ಎಂದು, ಆ ದಿನದ ಕಡುಬನ್ನು ಕಟ್ಟಿಕೊಂಡು ಕೋಲೂರಿಕೊಂಡು ಬಂದಿದ್ದ. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿದಿತ್ತು. ಯಾಕೆಂದರೆ ದಾರಿಯಲ್ಲಿ ಪ್ರತಿ ಅಂಗಡಿಯ ಮುಂದೆ ನಿಂತು, ಮರಿಮಗು ಬರುತ್ತಿರುವ ಸುದ್ದಿಯನ್ನು ಹೇಳುತ್ತ ಬಂದಿದ್ದ.

ಅವನು ಒಗಿನೊನ ಮುಖ ನೋಡಿದ, ಚಿನಾತ್ಸುವಿನ ಮುಖ ನೋಡಿದ, ನಂತರ ನನ್ನ ಕೈಯಲ್ಲಿದ್ದ ಕಾಗದವನ್ನು. ವಿಚ್ಛೇದನದ ಕಾಗದದ ಅಂಚಿನ ಹಸಿರು ಗೆರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕೊಡು ಎಂದು ಕೈ ಚಾಚಿದ. ನಾನು ಆಗಲೂ ಏನೂ ಹೇಳಲಿಲ್ಲ.

ಹೇಳಿದವಳು ಚಿನಾತ್ಸು. "ಅಜ್ಜ, ಈ ಮಗು ಶೂಹೇದಲ್ಲ. ನಾವು ನವೆಂಬರ್‌ನಲ್ಲೇ ಬೇರೆ ಆದ್ವಿ. ಇವತ್ತು ಇದನ್ನ ಕೊಡ್ಬೇಕು, ಒಬ್ಬರ ರುಜು ಕಮ್ಮಿ ಇದೆ." ಅಷ್ಟೇ. ಜನವರಿಯ ಫೋನಿನ ವಿಷಯವನ್ನು ಅವಳು ಎತ್ತಲಿಲ್ಲ. ಅದನ್ನು ಹೇಳುವ ಕೆಲಸ ನನ್ನದೆಂದು ಬಿಟ್ಟಳೋ, ಮುದುಕನಿಗೆ ಒಂದೇ ದಿನ ಇಷ್ಟು ಸಾಕೆಂದುಕೊಂಡಳೋ.

ಅಜ್ಜ ಒಗಿನೊನಿಂದ ಪೆನ್ನೂ ರಟ್ಟಿನ ಹಲಗೆಯೂ ಇಸಿದುಕೊಂಡ. ಎರಡನೆಯ ಸಾಕ್ಷಿಯ ಜಾಗದಲ್ಲಿ ಹೆಸರು ಬರೆದ, ವಿಳಾಸ ಬರೆದ, ಶೋವಾ ಎರಡನೆಯ ವರ್ಷದ ತನ್ನ ಹುಟ್ಟಿದ ದಿನ ಬರೆದ. ನಾಲ್ಕು ಬೆರಳಿನ ಎಡಗೈಯಿಂದ ಕಾಗದ ಹಾರದಂತೆ ಒತ್ತಿಹಿಡಿದಿದ್ದ. ಮುದ್ರೆ ಅಂಗಡಿಯಲ್ಲಿತ್ತು. ನಾನು ಓಡಿಹೋಗಿ ತರುತ್ತೇನೆ ಎಂದೆ.

"ಮುದ್ರೆ ನಂದು," ಎಂದ ಅಜ್ಜ.

ಅವನು ವಾಪಸು ಹೊರಟ. ನಾಲ್ಕು ಗಂಟೆ ಇಪ್ಪತ್ತು ನಿಮಿಷ. ತಗಡಿನ ಸೇತುವೆಯ ಮೇಲಿಂದ ನಮ್ಮ ಬೀದಿ ಕೊನೆಯವರೆಗೂ ಕಾಣುತ್ತದೆ. ತೋಫು ಅಂಗಡಿಯ ಹೆಂಗಸು ಹೊರಗೆ ಓಡಿಬಂದು ಅವನ ಎರಡೂ ಕೈ ಹಿಡಿದು ಕುಲುಕಿದಳು. ಛತ್ರಿಯವನು ಬಾಗಿಲಿಗೆ ಬಂದು ಏನೋ ಕೂಗಿ ನಕ್ಕ. ಚಾಪೆಯವನ ಹೆಂಡತಿ ಒಂದು ಕಲ್ಲಂಗಡಿ ಹಣ್ಣು ತಂದು ಕೊಡಲು ನೋಡಿದಳು. ಅಜ್ಜ ಪ್ರತಿಯೊಬ್ಬರಿಗೂ ಬಾಗಿ ನಮಸ್ಕರಿಸಿ ಮುಂದೆ ಹೋದ. ಅವನ ಬಿಳಿ ಅಂಗಿಯ ಬೆನ್ನು ಬಾಗುವುದು, ಏಳುವುದು, ಮತ್ತೆ ಬಾಗುವುದು ಅಷ್ಟು ದೂರದಿಂದಲೂ ಕಾಣುತ್ತಿತ್ತು. ನಾನು ಬೇರೆಡೆ ನೋಡಬಹುದಿತ್ತು. ಪಕ್ಕದಲ್ಲಿ ಚಿನಾತ್ಸು ನೋಡುತ್ತಿದ್ದುದರಿಂದ ನೋಡಿದೆ. ಒಗಿನೊ ಸ್ವಲ್ಪ ದೂರ ಹೋಗಿ ನಮಗೆ ಬೆನ್ನು ಹಾಕಿ ನಿಂತ.

ನಾಲ್ಕು ಐವತ್ತಕ್ಕೆ ಅಜ್ಜ ಬಂದು ಮುದ್ರೆ ಒತ್ತಿದ. ಉಸಿರು ಬಿಗಿದುಕೊಂಡು, ವಾರೆಯಾಗದಂತೆ. ನಂತರ ಪೊಟ್ಟಣವನ್ನು ಚಿನಾತ್ಸುವಿನ ಕೈಗಿಟ್ಟ. "ಇವತ್ತೇ ತಿನ್ನು. ನಾಳೆಗೆ ಹುಳಿ ಬರುತ್ತೆ," ಎಂದ. ಅವಳು ಅದನ್ನು ಎದೆಗೆ ಒತ್ತಿಕೊಂಡು ಅಲ್ಲಿಯೇ ಅತ್ತಳು. ಅವನು ಅವಳ ಹೆಗಲು ಮುಟ್ಟಲೋ ಬೇಡವೋ ಎಂದು ಕೈ ಎತ್ತಿ, ಮುಟ್ಟದೆ ಇಳಿಸಿದ.

ಕಚೇರಿಯಲ್ಲಿ ಕಾಗದ ಕೊಡಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಸ್ವೀಕರಿಸಿದ್ದಕ್ಕೆ ಪ್ರಮಾಣಪತ್ರ ಬೇಕೆಂದು ಚಿನಾತ್ಸು ಕೇಳಿದಳು. ನನ್ನ ಬಾಯಿಮಾತು ಅವಳಿಗೆ ಸಾಲದಾಗಿತ್ತು. ಬಾಗಿಲಲ್ಲಿ ನಿಂತು, "ಮಗು ನಿಂದಲ್ಲ ಅಂತ ಕೋರ್ಟಿನಲ್ಲಿ ಹೇಳೋ ಹಕ್ಕು ಗಂಡಂಗೆ ಮಾತ್ರ ಇರೋದಂತೆ. ನಂಗಿಲ್ಲ," ಎಂದಳು. "ಹೋಗ್ತೀಯಾ?"

"ಹೋಗ್ತೀನಿ."

"ಇದೂ ಜನವರಿ ಮಾತಿನ ಥರಾನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಿಲ್ದಾಣದ ಕಡೆ ನಡೆದಳು.

ಹೋದೆ, ಮುಂದಿನ ವರ್ಷ. ಮೂರು ಸಲ ಹೋಗಬೇಕಾಯಿತು. ಅಕ್ಟೋಬರ್ ಹದಿನೆಂಟಕ್ಕೆ ಸೇತುವೆಯನ್ನು ಆಚೆ ದಡದ, ಕೈಗವಸು ಮಾರುವ ಒಂದು ಮನೆಯವರು ದಾಟಿದರು; ಆ ದಿನ ನಾವು ಅಂಗಡಿ ತೆರೆದಿದ್ದೆವು. ಅದೆಲ್ಲ ನಂತರದ ಮಾತು. ನಾನು ಹೇಳಬೇಕಿರುವುದು ಜುಲೈ ಇಪ್ಪತ್ತಮೂರರ ಬೆಳಗಿನದು.

ಅಂದು ಅಜ್ಜ ಕುತ್ತಿಗೆಯವರೆಗೂ ಗುಂಡಿ ಹಾಕಿದ ಅಂಗಿ ತೊಟ್ಟು, ಹೊರಡು ಎಂದ. ನಗರಸಭೆಗೆ ಬೆಳಿಗ್ಗೆಯೇ ಫೋನು ಮಾಡಿ ನಾವು ದಾಟುವುದಿಲ್ಲವೆಂದು ಹೇಳಿಬಿಟ್ಟಿದ್ದ. ಈಗ ಬೀದಿಗೆ ಹೇಳಬೇಕಿತ್ತು. ಹನ್ನೊಂದು ಅಂಗಡಿ. ನಾನೇ ಹೇಳುತ್ತೇನೆ ಅಜ್ಜ ಎಂದೆ, ಗಟ್ಟಿ ದನಿಯಲ್ಲೇನೂ ಅಲ್ಲ. ಸುದ್ದಿ ಹಂಚಿದವನು ನಾನು, ವಾಪಸು ತಗೊಳ್ಳುವವನೂ ನಾನೇ, ನೀನು ಹಿಂದೆ ನಿಂತಿರು ಸಾಕು ಎಂದ.

ಮೊದಲು ತೋಫು ಅಂಗಡಿ. ಅಜ್ಜ ಒಳಗೆ ಹೋಗಿ ಬಾಗಿದ. ನಿನ್ನೆ ಹೇಳಿದ ಮಗು ನಮ್ಮ ಮನೆಯದಲ್ಲ, ಮೊಮ್ಮಗನ ಸಂಸಾರ ಮುರಿದಿದೆ, ಸೇತುವೆ ದಾಟುವ ಗೌರವವನ್ನು ಬಿಟ್ಟುಕೊಟ್ಟಿದ್ದೇವೆ, ನಮ್ಮ ದಡಕ್ಕೆ ಸಿಕ್ಕಿದ್ದನ್ನು ಕಳೆದುಬಿಟ್ಟೆವು, ಕ್ಷಮಿಸಬೇಕು ಎಂದ. ತೋಫು ಅಂಗಡಿಯ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವಳ ಕಣ್ಣು ಅಜ್ಜನನ್ನು ದಾಟಿ ನನ್ನ ಮೇಲೆ ಬಂದು ನಿಂತಿತು.

"ಅಯ್ಯೋ ಪಾಪ, ಶೂಹೇ," ಎಂದಳು. "ತಾಯಿಗೆ ಹುಷಾರಿಲ್ಲ ಅಂತ ಹೋದವಳು. ಗಂಡ ಇರೋವಾಗಲೇ ಇಂಥಾ ಕೆಲಸ ಮಾಡೋದಾ?"

ಆ ಕ್ಷಣದವರೆಗೆ ನನಗೆ ಇದು ಹೊಳೆದಿರಲಿಲ್ಲ. ಬೀದಿಯ ಲೆಕ್ಕದಲ್ಲಿ, ದಾಖಲೆಯ ಲೆಕ್ಕದಲ್ಲಿಯೂ, ನಿನ್ನೆ ಸಂಜೆ ಐದು ಗಂಟೆಯವರೆಗೆ ಚಿನಾತ್ಸು ನನ್ನ ಹೆಂಡತಿ. ಆಕೆಯ ಹೊಟ್ಟೆಯಲ್ಲಿ ನಾಲ್ಕು ತಿಂಗಳ, ಬೇರೊಬ್ಬನ ಮಗು. ನಾನು ಮೋಸಹೋದ ಗಂಡ.

ನಾನು ತಲೆ ತಗ್ಗಿಸಿದೆ. ಅವಳು ಅದನ್ನು ದುಃಖವೆಂದುಕೊಂಡಳು. ಬರುವಾಗ ಎರಡು ತುಂಡು ಕರಿದ ತೋಫುವನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

ಎರಡನೆಯ ಅಂಗಡಿಯಲ್ಲಿಯೂ ಹಾಗೆಯೇ ಆಯಿತು, ಮೂರನೆಯದರಲ್ಲಿಯೂ. ಅಜ್ಜ ಯಾರನ್ನೂ ದೂರಲಿಲ್ಲ. ತಪ್ಪು ನಮ್ಮ ಮನೆಯದು ಎಂದೇ ಹೇಳಿದ. ಹಾಗೆ ಹೇಳಿದಷ್ಟೂ ಜನ ಅವನ ದೊಡ್ಡತನವನ್ನು ಕಂಡರು, ಅವಳನ್ನು ಇನ್ನಷ್ಟು ಬೈದರು. ಛತ್ರಿಯವನು, ಸಮುದ್ರದ ಕಡೆ ಹೋದ ಹೆಂಗಸರು ಅಷ್ಟೇ ಎಂದ. ಚಾಪೆಯವನ ಹೆಂಡತಿ, ನೀನು ಮೆತ್ತಗಿನವನು ಅಂತ ತಾನೇ ಅವಳು ಹೀಗೆ ಮಾಡಿದ್ದು ಎಂದು ನನ್ನ ಬೆನ್ನು ಸವರಿದಳು. ಒಂದೊಂದು ಪರದೆಯ ಮುಂದೆಯೂ ಇಲ್ಲಿ ಹೇಳುತ್ತೇನೆ ಎಂದುಕೊಂಡು ಹೊಕ್ಕೆ. ಒಂದೊಂದು ಸಲವೂ ಅವರ ಕನಿಕರವನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ನನಗೆ ಹೇಳಲು ಬರುವುದಿಲ್ಲ ಎಂದುಕೊಂಡೇ ನಾನು ಇಷ್ಟು ವರ್ಷ ಬದುಕಿದ್ದೆ. ಆ ಬೆಳಿಗ್ಗೆ, ಏಳನೆಯದೋ ಎಂಟನೆಯದೋ ಅಂಗಡಿಯಲ್ಲಿ, ಹೇಳದಿರುವುದರಿಂದ ನನಗೆ ಸಿಗುತ್ತಿದ್ದುದು ಏನೆಂದು ಕಂಡಿತು. ನನ್ನ ಮೌನ ಯಾವತ್ತೂ ನನಗೇ ಅನುಕೂಲವಾಗಿತ್ತು.

ಹನ್ನೊಂದನೆಯದು ಕ್ಷೌರದ ಅಂಗಡಿ. ಬಿಸಿಲು ಏರಿತ್ತು. ಅಜ್ಜ ಹೊರಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ಇದೊಂದನ್ನ ನೀನು ಹೇಳು," ಎಂದ.

ಬಾಗಿಲು ತೆರೆದೇ ಇತ್ತು. ಕಿತಾಜಿಮಾ ಯಾರಿಗೋ ಗಡ್ಡ ತೆಗೆಯಲು ಸಿದ್ಧನಾಗುತ್ತಿದ್ದ. ಗಿರಾಕಿಯ ಮುಖದ ಮೇಲೆ ಬಿಸಿ ಟವೆಲು ಇತ್ತು, ಯಾರೆಂದು ತಿಳಿಯುತ್ತಿರಲಿಲ್ಲ. ನಾನು ಒಳಗೆ ಹೋಗಿ ಬಾಗಿದೆ. ಅಜ್ಜ ಹೇಳಿದ್ದನ್ನೇ ಅದೇ ಕ್ರಮದಲ್ಲಿ ಹೇಳಿದೆ. ಕಿತಾಜಿಮಾ ಕತ್ತಿಯನ್ನು ಒರೆಸುತ್ತ ನಾಲಗೆ ಲೊಚಗುಟ್ಟಿದ.

"ಒಳ್ಳೇ ಹೆಂಗಸು ಅಂದ್ಕೊಂಡಿದ್ವಿ," ಎಂದ.

"ಅವಳದೇನೂ ತಪ್ಪಿಲ್ಲ," ಎಂದೆ. ನನ್ನ ದನಿ ಅಂಗಡಿಗೆ ಹೆಚ್ಚಾಗಿತ್ತೆಂದು ಕಾಣುತ್ತದೆ. ಟವೆಲಿನ ಕೆಳಗಿನ ಮನುಷ್ಯ ಕದಲಿದ. "ಅವಳು ನವೆಂಬರ್‌ನಲ್ಲೇ ರುಜು ಹಾಕಿ ಹೋಗಿದ್ಲು. ನಾನು ಕಚೇರಿಗೆ ಕೊಡಲಿಲ್ಲ. ಸೇತುವೆ ದಾಟೋಕೆ ಹೆಂಡತಿ ಬೇಕಿತ್ತು, ಅದಕ್ಕೆ ಇಟ್ಕೊಂಡೆ. ಕೊಟ್ಟೆ ಅಂತ ಅವಳಿಗೆ ಸುಳ್ಳು ಹೇಳ್ದೆ. ಅವಳು ಅದನ್ನ ನಂಬಿದ್ಲು. ಅವಳ ತಾಯಿ ಸೊಂಟಕ್ಕೂ ಏನೂ ಆಗಿಲ್ಲ."

ಕಿತಾಜಿಮಾ ಕತ್ತಿಯನ್ನು ಮತ್ತೊಮ್ಮೆ ಒರೆಸಿದ. ಬೆಳಿಗ್ಗೆಯಿಂದ ಎಲ್ಲರೂ ನನ್ನ ಕಡೆ ತೋರಿಸುತ್ತಿದ್ದ ಕನಿಕರ ಅವನ ಕಣ್ಣಲ್ಲಿ ಆರಿಹೋದದ್ದನ್ನು ನೋಡಿದೆ. ಬಾಗಿ, ಹೊರಗೆ ಬಂದೆ.

ಅಜ್ಜ ಮೆಟ್ಟಿಲ ಮೇಲೆಯೇ ಇದ್ದ. ಬಾಗಿಲು ತೆರೆದಿತ್ತಲ್ಲ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೋಲಿನ ತುದಿಯಿಂದ ನೆಲದ ಮೇಲೆ ಏನನ್ನೋ ಒತ್ತುತ್ತಿದ್ದ. ನನ್ನ ಮುಖ ನೋಡದೆ, ನಿನ್ನೆ ಅವಳು ಯಾಕೆ ಇದನ್ನ ಹೇಳಲಿಲ್ಲ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅಂಗಡಿಯ ಒಳಗೆ ಕತ್ತಿಯನ್ನು ಗಡ್ಡದ ಮೇಲೆ ಎಳೆಯುವ ಸದ್ದು ಶುರುವಾಯಿತು.

ಅಜ್ಜ ನನ್ನ ಕೈ ಹಿಡಿಯದೆ, ಕೋಲಿನ ಆಸರೆಯಲ್ಲೇ ಎದ್ದ. ಮನೆಗೆಂದಲ್ಲ, ಬಂದ ದಾರಿಯ ಅಂಗಡಿಗಳ ಕಡೆ ತಿರುಗಿ ನಿಂತ.

"ಹತ್ತು ಮನೇಲಿ ನನ್ನ ಮಾತಿಂದ ಆ ಹುಡುಗೀನ ಜನರ ಕೈಲಿ ಬೈಸಿದ್ದೀಯ," ಎಂದ. "ನಡಿ. ಈ ಸಲ ನೀನು ಮುಂದೆ."

ನಾನು ಮುಂದೆ, ಮತ್ತೆ ಮೊದಲ ಅಂಗಡಿಯ ಕಡೆ ನಡೆದೆ. ತೋಫು ಅಂಗಡಿಯ ಹೆಂಗಸು ನಮ್ಮನ್ನು ದೂರದಿಂದಲೇ ಕಂಡು, ಇನ್ನೇನಾದರೂ ಕೊಟ್ಟುಕಳಿಸಬೇಕೆಂದು ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು.